ಪದ ಕಟ್ಟಿಸಿದ ಮಾಸ್ತರರು

ಹಾಡುವವರಿಗಿಂತ ಹಾಡು ಕಟ್ಟುವವರ ಮನೆಯಲ್ಲಿ ಫಜೀತಿ ಹೆಚ್ಚು. ಅದೂ ಗಂಡನ ಮನೆಯಲ್ಲಿ ಕುಳಿತು ಕಟ್ಟುವುದಾದರೆ ವಾರಕ್ಕೊಂದಾದರೂ ಆಗಿಯೇ ತೀರುತ್ತದೆ. ನಾನು ಗುಲಬರ್ಗಾದಲ್ಲಿ ಬಿ.ಎ. ಮುಗಿಸಿ ಎಪ್ಪತ್ತರ ದಶಕದ ಕೊನೆಗೆ ಆಳಂದಕ್ಕೆ ಸೊಸೆಯಾಗಿ ಬಂದವಳು. ನಮ್ಮ ಓಣಿಯಲ್ಲಿ ಬಿ.ಎ. ಆದ ಸೊಸೆ ನಾನೊಬ್ಬಳೇ ಎಂಬುದನ್ನು ಮೊಮ್ಮಕ್ಕಳಿಗೆ ಈಗಲೂ ನೆನಪಿಸುತ್ತಿರುತ್ತೇನೆ. ಪದ ಕಟ್ಟಲು ಕಲಿಯಬೇಕೆಂಬ ಆಸೆ ನನಗೆ. ಭಜನೆ ಪದ, ಮದುವೆ ಪದ ಕಟ್ಟುವುದರಲ್ಲಿ ಹೆಸರಾಗಿದ್ದ ನಿವೃತ್ತ ಮಾಸ್ತರರೊಬ್ಬರು ಮನೆಗೇ ಬಂದು ಕಲಿಸಲು ಒಪ್ಪಿದರು. ಅತ್ತೆಯವರೂ ಒಪ್ಪಿದರು, ಆದರೆ ಕರಾರಿನ ಮೇಲೆ. ನಾದಿನಿಯ ಲಗ್ನದಲ್ಲಿ ಬೀಗರನ್ನು ಕೆಣಕುವ ಪದವನ್ನು ನಾನೇ ಕಟ್ಟಬೇಕು. ಅಲ್ಲಿ ಮನೆಯ ಇಜ್ಜತ್ ಹೋದರೆ ಮಾಸ್ತರರಿಗೆ ಅಂದೇ ಕೈಮುಗಿದು ಕಳಿಸುವುದು.

ತಾಳ

ನಮ್ಮ ಮನೆಯ ಗೋಡೆಗೆ ಹತ್ತಿಕೊಂಡೇ ಹಿಟ್ಟಿನ ಗಿರಣಿ ಇತ್ತು. ಅದರ ಗಾಲಿಯ ಪಟ್ಟಿಯ ಟಪ್ ಟಪ್ ಸದ್ದು ಕೇಳಿ ಮಾಸ್ತರರು ಹಿಗ್ಗಿಬಿಟ್ಟರು. ಬೇರೆ ತಬಲಾದವನು ಯಾಕೆ, ಇದೇ ತಾಳಕ್ಕೆ ಸಾಲು ಕೂಡಿಸಿರಿ ಎಂದರು. ಅವರು ಕಣ್ಣು ಮುಚ್ಚಿ ಒಂದು ಸಾಲು ಹೇಳುವುದು, ನಾನು ಒಂದು ಸಾಲು ಕೂಡಿಸುವುದು. ಪಾಠ ರಂಗೇರಿದ ಹೊತ್ತಿಗೆ ಕರೆಂಟ್ ಹೋಯಿತು, ಗಿರಣಿ ನಿಂತಿತು. ಮಾಸ್ತರರು ಅರ್ಧ ಸಾಲಿನಲ್ಲೇ ಬಾಯಿ ಮುಚ್ಚಿ, ಟೊಪ್ಪಿಗೆ ಹಾಕಿಕೊಂಡು ಎದ್ದರು. ಉಳಿದರ್ಧ ಎಲ್ಲಿ ಎಂದು ಕೇಳಿದೆ.

"ಕರೆಂಟ್ ಬಂದ ಮ್ಯಾಲ ಬರ್ತೇನ್ರಿ ತಾಯಿ, ಈಗ ತಾಳಾ ಬಂದ್ ಅದ."

ಕುಮುದಿನಿ

ಕಾಲೇಜಿನಲ್ಲಿ ಓದಿದ್ದನ್ನೆಲ್ಲ ಪದದಲ್ಲಿ ತುಂಬುವ ಹುರುಪು ನನಗೆ. ಒಂದು ದಿನ "ಶಶಿಯ ಕಂಡು ಕುಮುದಿನಿ ನಗುವಳು" ಎಂದು ಶುರುಮಾಡಿ ರಾಗವಾಗಿ ಓದಿದೆ. ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅತ್ತೆಯವರು ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

"ಯಾರಬೇ ಈ ಕುಮುದಿನಿ? ಆ ಶಶಿ ಯಾರ ಮಗ?"

ಕುಮುದಿನಿ ಅಂದರೆ ನೈದಿಲೆ, ಶಶಿ ಅಂದರೆ ಚಂದ್ರ ಎಂದು ತಿಳಿಸಿ ಹೇಳಿದೆ. ಹೂವಾದರೂ ಅಷ್ಟೇ, ಮರ್ಯಾದಸ್ಥರ ಮನೆಯಲ್ಲಿ ಪರಗಂಡಸನ್ನು ನೋಡಿ ನಗುವ ಪದ ಬೇಡ ಎಂದರು. ನಾನು ಮಾಸ್ತರರ ಮುಖ ನೋಡಿದೆ. ಎದುರಿಗೆ ಅತ್ತೆಯವರು ಕೊಟ್ಟ ಚಹಾ ಇನ್ನೂ ಅರ್ಧ ಉಳಿದಿತ್ತು.

"ಅವ್ವಾವ್ರು ಅನ್ನೋದು ಖರೇ ಅದ್ರಿ," ಎಂದರು ಮಾಸ್ತರರು. "ಎರಡನೇ ನುಡಿಯಾಗ ಇಬ್ಬರದೂ ಲಗ್ನ ಮಾಡಿಬಿಡ್ರಿ."

ಬೆರಳೆಣಿಕೆ

ಸಾಲು ಉದ್ದ ಗಿಡ್ಡ ಆಗಬಾರದೆಂದು ಮಾಸ್ತರರು ಬೆರಳ ಮೇಲೆ ಮಾತ್ರೆ ಎಣಿಸಲು ಕಲಿಸಿದ್ದರು. ನೀರು ತರುವಾಗಲೂ ಬೇಳೆ ಆರಿಸುವಾಗಲೂ ನನ್ನ ಬೆರಳು ಎಣಿಸುತ್ತಲೇ ಇರುತ್ತಿದ್ದವು. ಹೊಸ ಸೊಸೆ ಬೆರಳು ಮಡಿಸುತ್ತಿದ್ದಾಳೆಂದರೆ ಓಣಿಯವರಿಗೆ ಅರ್ಥ ಒಂದೇ. ಸುದ್ದಿ ಜೇವರ್ಗಿಯ ನಮ್ಮ ಚಿಗವ್ವನವರೆಗೂ ಹೋಯಿತು. ಆಕೆ ಬಸುರಿಗೆ ಮಾಡುವ ಕುಬಸದ ಹಸಿರು ಖಣ, ಉಂಡಿ ಕಟ್ಟಿಕೊಂಡು ಬಸ್ಸಿಳಿದು ಸೀದಾ ಬಂದಳು. ನಾನು ಪಡಸಾಲೆಯಲ್ಲಿ ಎಣಿಸುತ್ತ ಕುಳಿತಿದ್ದೆ. ಆಕೆ ಮೆಲ್ಲಗೆ ಗದ್ದ ಹಿಡಿದು, "ಎಷ್ಟಾದವು ನಮ್ಮವ್ವ?" ಎಂದಳು.

ಲೆಕ್ಕ ತಪ್ಪಬಾರದೆಂದು ನಾನು ತಲೆ ಎತ್ತದೆಯೇ ಹೇಳಿದೆ: "ಹದಿನಾಲ್ಕಾದವು ಚಿಗವ್ವ, ಇನ್ನೂ ಎರಡು ಕಡಿಮಿ ಬೀಳಾಕತ್ತಾವ."

ಚಿಗವ್ವ ಉಂಡಿ ಗಂಟಿನ ಸಮೇತ ಅಲ್ಲೇ ಕುಸಿದು ಕುಳಿತಳು.

ಅಂಕಿತ

ಅಂತೂ ಲಗ್ನ ಬಂತು. ಬೀಗರು ಅಫಜಲಪುರ ಕಡೆಯ ಕರಜಗಿಯವರು. ಅವರು ಊಟಕ್ಕೆ ಕುಳಿತಾಗ ನಮ್ಮ ಹೆಣ್ಣುಮಕ್ಕಳು ಪದ ಹೇಳಬೇಕು. ನನ್ನ ಪದ ತಯಾರಾಗಿತ್ತು. ಮಾಸ್ತರರು ತಿದ್ದಿ, ಕೊನೆಯ ಸಾಲಿಗೆ ತಮ್ಮ ಮನೆದೇವರ ಅಂಕಿತವನ್ನೂ ಹಾಕಿಸಿದ್ದರು. ಕೊನೆಗೆ ದೇವರ ಹೆಸರು ಬರದಿದ್ದರೆ ಅದು ಪದವೇ ಅಲ್ಲ ಎಂಬುದು ಅವರ ನೇಮ. ಆದರೆ ಹಾಡಬೇಕಾಗಿದ್ದ ನೆರೆಮನೆಯಾಕೆಯ ಗಂಟಲು ಹಿಂದಿನ ದಿನದ ಹಾಡಿಗೇ ಕಟ್ಟಿಹೋಗಿತ್ತು. ನೀನೇ ಹಾಡು ಎಂದರು ಅತ್ತೆಯವರು. ಎದೆ ಗಟ್ಟಿಮಾಡಿ ಎತ್ತಿದೆ:

ಬೀಗತಿ ರೊಟ್ಟಿ ಬಡದದ್ದು ಕೇಳಿ
ಊರೆಮ್ಮಿ ಎಲ್ಲಾ ಓಡ್ಯಾವ ಹೊಳಿ

ಬೀಗತಿಯ ತುತ್ತು ಕೈಯಲ್ಲೇ ನಿಂತಿತು. ಆಮೇಲೆ ಆಕೆ ಮೈಯೆಲ್ಲ ಕುಲುಕಿ ನಕ್ಕಾಗ ನನಗೆ ಉಸಿರು ಬಂತು. ನುಡಿ ಮೇಲೆ ನುಡಿ ಸಲೀಸಾಗಿ ಸಾಗಿ ಕೊನೆಯ ನುಡಿಗೆ ಬಂದೆ:

ನಕ್ಕು ಬಿಡ್ರೆವ್ವ ಬೀಗರ ಮಾತ
ಕಾಯಲಿ ಎಲ್ಲರ...

ಅಲ್ಲಿಗೆ ನಾಲಿಗೆ ಕಚ್ಚಿಕೊಂಡೆ. ಮುಂದಿನದು 'ಮಲ್ಲಿನಾಥ'. ಮಾಸ್ತರರ ದೇವರ ಹೆಸರೂ ಅದೇ, ನಮ್ಮ ಯಜಮಾನರ ಹೆಸರೂ ಅದೇ. ಗಂಡನ ಹೆಸರನ್ನು ಬರೆಯುವುದಕ್ಕೆ ನಮ್ಮಲ್ಲಿ ಅಡ್ಡಿಯಿಲ್ಲ, ಬಾಯಿಬಿಟ್ಟು ಹೇಳುವಂತಿಲ್ಲ. ಕಾಗದದ ಮೇಲೆ ಆರಾಮಾಗಿ ಬರೆದವಳು ಈಗ ಅತ್ತೆಯವರ ಎದುರಿಗೆ ಹೇಗೆ ಹೇಳಲಿ? ಬೇರೆ ದೇವರನ್ನು ಕೂಡಿಸೋಣವೆಂದರೆ ಪ್ರಾಸ ಕೂಡುತ್ತಿಲ್ಲ, ಮಾಸ್ತರರು ಬೇರೆ ಎದುರಿಗೇ ಕುಳಿತಿದ್ದಾರೆ. "ಕಾಯಲಿ ಎಲ್ಲರ, ಕಾಯಲಿ ಎಲ್ಲರ" ಎಂದು ಅಲ್ಲಲ್ಲೇ ಸುತ್ತತೊಡಗಿದೆ. ಬೀಗರ ಕಡೆಯ ಒಬ್ಬಾಕೆ, ಯಾರು ಕಾಯಬೇಕೆಂದು ಇವರಿಗೇ ಗೊತ್ತಿಲ್ಲ ನೋಡು ಎಂದು ಚುಚ್ಚಿದಳು.

ಅತ್ತೆಯವರಿಗೆ ತಡೆಯಲಾಗಲಿಲ್ಲ. ಹೆತ್ತ ಮಗನ ಹೆಸರು ಹೇಳಲು ತಾಯಿಗೆ ಯಾವ ಅಡ್ಡಿ? ಎದ್ದು ನಿಂತು ಹಂದರ ನಡುಗುವಂತೆ ಎಳೆದರು: "ಮಲ್ಲಿನಾಥಾ..."

ಆ ತುದಿಯ ಪಂಕ್ತಿಯಲ್ಲಿ ಬಡಿಸುತ್ತಿದ್ದ ನಮ್ಮ ಯಜಮಾನರು ಸಾರಿನ ಬಕೇಟ್ ಹಿಡಿದು ಓಡಿಬಂದರು.

"ಏನವ್ವ? ಯಾರಿಗಿ ಸಾರು ಬೇಕು?"

ಹಂದರಕ್ಕೆ ಹಂದರವೇ ನಕ್ಕಿತು. ನನ್ನ ಜೀವ ಮರಳಿ ಬಂತು. ಆದರೆ ನಮ್ಮ ಕಡೆ ಅಂಕಿತ ಹೇಳಿದವರೇ ಪದ ಕಟ್ಟಿದವರೆಂದು ಲೆಕ್ಕ. ಬೀಗತಿ ಕೈತೊಳೆದು ಬಂದವಳೇ ಅತ್ತೆಯವರ ಕೈ ಹಿಡಿದು, ಎಂಥಾ ಪದ ಕಟ್ಟೀರಿ, ನಮ್ಮೂರಿನ ಬೀಗರೂಟಕ್ಕೆ ಇನ್ನೊಂದು ಕಟ್ಟಿಕೊಂಡು ಬರಲೇಬೇಕು ಎಂದು ಹೊಗಳಿ ಹೋದಳು. ಅತ್ತೆಯವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಬಿ.ಎ. ಆದ ನಾನು ಪಕ್ಕದಲ್ಲೇ ತಂಬಿಗೆ ಹಿಡಿದು ನಿಂತಿದ್ದೆ.

ಬೀಗರ ಗಾಡಿ ಮರೆಯಾದ ಮೇಲೆ ಅತ್ತೆಯವರು ನನ್ನನ್ನು ಮೂಲೆಗೆ ಕರೆದರು. ಮಾಸ್ತರರ ಪಾಠ ಇಲ್ಲಿಗೆ ಮುಗಿಯಿತೆಂದೇ ತಿಳಿದೆ.

"ನಾಳಿಂದ ಮಾಸ್ತರ್‌ಗ ದಿನಾ ಬರಾಕ ಹೇಳು," ಎಂದರು ದನಿ ತಗ್ಗಿಸಿ. "ನನ್ನ ಮುಂದಿನ ಪದಾ ನೀ ಜಲ್ದಿ ಕಟ್ಟಬೇಕು."