ವಲ್ಲಿಯ ಕೆಳಗಿನ ವ್ಯಾಪಾರ

ನಮ್ಮ ಕಾಕಾ ಜೀವಮಾನದಲ್ಲಿ ಒಂದು ಮಾತನ್ನೂ ನೇರವಾಗಿ ಕೇಳಿದವರಲ್ಲ. ಕೇಳಬೇಕಾದದ್ದನ್ನೆಲ್ಲ ಅವರು ಹೆಗಲ ಮೇಲಿನ ಟವೆಲ್ಲಿನ, ಅವರ ಭಾಷೆಯಲ್ಲಿ ವಲ್ಲಿಯ, ಕೆಳಗೆ ಕೇಳುತ್ತಾರೆ. ಹುಬ್ಬಳ್ಳಿಯ ಕಾಳಿನ ಪೇಟೆಯಲ್ಲಿ ನಲವತ್ತು ವರ್ಷ ದಲಾಲಿ ಮಾಡಿದವರು. ಹಳೆಯ ದಲಾಲರು ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಎದುರಿನವನ ಕೈ ಹಿಡಿದು, ಮೇಲೆ ವಲ್ಲಿ ಹೊದಿಸಿ, ಬೆರಳು ಒತ್ತಿ ತಿಳಿಸುತ್ತಿದ್ದರು. ಸುತ್ತ ನಿಂತವರಿಗೆ ಗೊತ್ತಾಗಬಾರದಲ್ಲ! ಪೇಟೆ ಬಿಟ್ಟರೂ ಕಾಕಾ ವಲ್ಲಿ ಬಿಡಲಿಲ್ಲ. ಒಮ್ಮೆ ದೇಶಪಾಂಡೆ ನಗರದಲ್ಲಿ ಆಟೋದವನೊಬ್ಬನ ಕೈಯನ್ನೂ ಹೀಗೇ ಹಿಡಿದರು. ಪಾಪ, ಅವನು ಕೈ ಬಿಡಿಸಿಕೊಂಡು, ಬಾಡಿಗೆಯೇ ಬೇಡವೆಂದು ಹೋದ. "ವ್ಯವಹಾರ ಗೊತ್ತಿಲ್ಲದ ಮಂದಿ" ಎಂದು ಬೈಯುತ್ತ ಕಾಕಾ ನಡೆದೇ ಮನೆಗೆ ಬಂದರು.

ಇಂಥ ಕಾಕಾರ ಕೈಗೆ ಹೋದ ವರ್ಷ ನಾನು ಸಿಕ್ಕಿಬಿದ್ದೆ. ಕರುಳಿನಲ್ಲಿ ಕ್ಯಾನ್ಸರ್ ಎಂದು ಗೊತ್ತಾಗಿ ಕೀಮೋ ಶುರುವಾದಾಗ ನನ್ನ ತೋಳು, ತೊಡೆ ಕರಗತೊಡಗಿದವು. ಅಂಗಿ ಗೂಟಕ್ಕೆ ಹಾಕಿದಂತೆ ಜೋಲುತ್ತಿತ್ತು. ಕಾಕಾ ಮೊದಲು ಮೊಬೈಲನ್ನು ನಂಬಿದರು. ದಿನಕ್ಕೊಂದು ವಾಟ್ಸಾಪ್ ಸಂದೇಶ, ದಿನಕ್ಕೊಂದು ಗಿಡ. ಅಮೃತಬಳ್ಳಿ, ನುಗ್ಗೆಸೊಪ್ಪು, ಲಕ್ಷ್ಮಣಫಲ, ಎಲ್ಲಕ್ಕಿಂತ ಹೆಚ್ಚಾಗಿ ಅರಿಶಿನ. ಬೈರಿದೇವರಕೊಪ್ಪದ ನಮ್ಮ ಮನೆಯ ಲೋಟ, ಚಮಚ, ನನ್ನ ಬನಿಯನ್ ಎಲ್ಲವೂ ಹಳದಿ. ಪಕ್ಕದ ಮನೆಯವರು ಒಣಹಾಕಿದ ಬಟ್ಟೆ ನೋಡಿ ನನ್ನ ಹೆಂಡತಿಯನ್ನು ಕೇಳಿದರು: "ಮನ್ಯಾಗ ಮದವಿ ಹಿಡಿದೀರೇನ್ರಿ? ನಮಗ ಹೇಳೇ ಇಲ್ಲಲ್ಲ."

ಕೊನೆಗೆ ಅರಿಶಿನದ ಸತ್ವದಿಂದ ಮಾಡಿದ ಗುಳಿಗೆಗಳ ಡಬ್ಬಿಯೂ ಬಂತು. ಅದನ್ನು ಹಿಡಿದುಕೊಂಡೇ ಕಾಕಾ ನಮ್ಮಿಬ್ಬರ ಜೊತೆ ಆಸ್ಪತ್ರೆಗೆ ಬಂದರು. ಅಲ್ಲಿಯ ಆಹಾರ ತಜ್ಞೆ, ಕನ್ನಡಕದ ಹುಡುಗಿ, ಡಬ್ಬಿ ತಿರುಗಿಸಿ ನೋಡಿದಳು.

"ಅಜ್ಜಾರ, ಅಡಗಿಯೊಳಗ ಅರಿಶಿಣ ಹಾಕ್ರಿ, ಅಡ್ಡಿ ಇಲ್ಲ. ಈ ಗುಳಿಗಿ ಮಾತ್ರ ಡಾಕ್ಟರನ್ನ ಕೇಳದ ಕೊಡಬ್ಯಾಡ್ರಿ. ಕೀಮೋ ಔಷಧಕ್ಕ ಅಡ್ಡ ಬರಬಹುದು."

"ಗಿಡದ ಸತ್ವ ಸ್ನಾಯು ಉಳಸ್ತೈತಿ ಅಂತ ಬರದಾರಲ್ಲವ್ವಾ."

"ಇಲಿ ಮ್ಯಾಲ ನೋಡ್ಯಾರ್ರೀ. ಮನಷ್ಯಾರಿಗೆ ಇನ್ನೂ ಖಾತ್ರಿ ಆಗಿಲ್ಲ."

ಕಾಕಾ ಡಬ್ಬಿಯನ್ನು ಥಟ್ಟನೆ ಕಿಸೆಗೆ ಹಾಕಿದರು. "ತಿಳೀತು ಬಿಡು. ಸ್ಯಾಂಪಲ್ ಛಲೋ ಐತಂತ ಲಾರಿ ತುಂಬಾಕ ಬರೂದಿಲ್ಲ."

ಆಕೆ ಮುಂದೆ, ತತ್ತಿ ತಿನ್ನುತ್ತೀರಾ ಎಂದು ಕೇಳಿದಳು. ಕಾಕಾ ಕೊರಳ ಲಿಂಗ ಮುಟ್ಟಿಕೊಂಡು, "ಆ ಮಾಲು ನಮ್ಮಲ್ಲಿ ಬರೂದಿಲ್ಲವ್ವಾ" ಎಂದರು. ಹಾಗಾದರೆ ಬೇಳೆ, ಶೇಂಗಾ, ಮೊಸರು, ಪನೀರು, ಮೊಳಕೆ ಕಾಳು, ಸ್ವಲ್ಪ ಸ್ವಲ್ಪವೇ, ದಿನಕ್ಕೆ ಆರು ಸಲ, ಕೈಲಾದಷ್ಟು ನಡಿಗೆ ಎಂದಳು. ಆಮೇಲೆ ನನ್ನ ಕೈಗೊಂದು ಯಂತ್ರ ಕೊಟ್ಟು ಬಿಗಿಯಾಗಿ ಹಿಚುಕಲು ಹೇಳಿದಳು. ಸ್ನಾಯುವಿನ ಬಲ ಹಿಡಿತದಲ್ಲಿ ಗೊತ್ತಾಗುತ್ತದಂತೆ. ಮುಳ್ಳು ಅಲುಗಿತೋ ಇಲ್ಲವೋ ಎನ್ನುವಂತಿತ್ತು. ಅದನ್ನು ನೋಡಿ ನನ್ನ ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕಾಕಾ ಮುಳ್ಳನ್ನೂ ನೋಡಿದರು, ಅವಳನ್ನೂ ನೋಡಿದರು.

ಮರುದಿನದಿಂದ ನಮ್ಮ ಮನೆಯಲ್ಲಿ ಪೇಟೆ ತೆರೆಯಿತು. ಬೆಳಿಗ್ಗೆ ಎಂಟಕ್ಕೆ ಕಾಕಾ ಬಂದು ನನ್ನ ಕೈ ಹಿಡಿದು ವಲ್ಲಿ ಹೊದಿಸುತ್ತಿದ್ದರು. ಅವರು ನಾಲ್ಕು ಬೆರಳು ಒತ್ತಿದರೆ ನಾಲ್ಕು ಶೇಂಗಾ ಉಂಡಿ ಎಂದರ್ಥ. ನಾನು ಒಂದು ಒತ್ತುತ್ತಿದ್ದೆ.

"ಗಟ್ಟಿ ಒತ್ತೋ, ತಿಳಿವಲ್ದು."

"ಬಾಯಿಲೆ ಹೇಳ್ತೀನಲ್ರಿ ಕಾಕಾ, ಒಂದು ಸಾಕು."

"ಬಾಯಿಮಾತಿನ ವ್ಯವಹಾರ ನಾ ಮಾಡೂದಿಲ್ಲ."

ವಯಸ್ಸಾಗಿ ಅವರ ಬೆರಳು ಜಡವಾಗಿವೆ ಎಂದುಕೊಂಡೆ. ಹೆಂಡತಿ ಬಾಗಿಲಲ್ಲಿ ನಿಂತು, "ಎಷ್ಟಕ್ಕ ಕುದುರಿತ್ರಿ ಕಾಕಾರ?" ಎಂದು ನಗುತ್ತಿದ್ದಳು.

ಮೂರನೆಯ ಕೀಮೋ ಆದ ವಾರ ವಲ್ಲಿಯ ಕೆಳಗೆ ನನ್ನ ಬೆರಳು ನಡುಗಿದವೇ ಹೊರತು ಒತ್ತಲಿಲ್ಲ. ಕಾಕಾ ಬಾಗಿಲ ಕಡೆ ತಿರುಗಿ ಜೋರಾಗಿ ಹೇಳಿದರು: "ಎರಡಕ್ಕ ಒಪ್ಪಿದ ನೋಡವ್ವಾ. ಏನ್ ಒತ್ತತಾನ ಮಾರಾಯ, ಬೆರಳ ಮುರೀತಾನ." ಅವಳು ನಗುತ್ತ ಉಂಡಿ ತರಲು ಹೋದಳು.

"ಸುಳ್ಳ ಯಾಕ ಹೇಳಿದ್ರಿ ಕಾಕಾ?"

"ವಲ್ಲಿ ಇರೂದ ಅದಕ್ಕೋ. ನಿನ್ನ ಬಲ ಎಷ್ಟೈತಿ ಅಂತ ನನಗ ಗೊತ್ತಾದರ ಸಾಕು. ಅಕಿ ದಿನಾ ಅದನ್ನ ನೋಡಬಾರ್ದು."

ಕಾಕಾರನ್ನು ಹುಚ್ಚರೆಂದು ನಕ್ಕ ನಾನು ಗೋಡೆಯ ಕಡೆ ತಿರುಗಿ ಅತ್ತೆ. ಅವತ್ತು ಸೇರದಿದ್ದರೂ ಎರಡೂ ಉಂಡಿ ತಿಂದೆ.

ಕೀಮೋ ಮುಗಿದು ಈಗ ಮೂರು ತಿಂಗಳು. ಮೊನ್ನೆ ಬೆಳಿಗ್ಗೆ ಕಾಕಾ ನಾಲ್ಕು ಬೆರಳು ಒತ್ತಿದರು. ಎರಡಕ್ಕೆ ಇಳಿಸಲೇಬೇಕೆಂದು ನಾನೂ ಬಿಗಿಯಾಗಿ ಒತ್ತಿದೆ. ಕಾಕಾರ ಮುಖ ಕಿವುಚಿತು.

"ಬಿಡೋ, ಖರೇನ ನೋಯ್ತೈತಿ."

ಅವರು ನನ್ನ ಹೆಂಡತಿಯನ್ನು ಕರೆದು, ತಾವೇ ವಲ್ಲಿ ಎಳೆದು ತೆಗೆದರು. ಅವರ ಎರಡು ಬೆರಳು ಕೆಂಪಾಗಿದ್ದವು. "ನೋಡವ್ವಾ. ಇನ್ನ ಮುಚ್ಚೂದೇನಿಲ್ಲ."

ಅವಳು ಆ ಬೆರಳುಗಳನ್ನು ನೋಡಿದಳು. ಈ ಸಲ ನಗಲಿಲ್ಲ.

"ಆವಾಗೂ ನನಗ ಗೊತ್ತಿತ್ರಿ ಕಾಕಾರ" ಎಂದಳು. "ಮ್ಯಾಲ ವಲ್ಲಿ ನಡಗತಿತ್ತಲ್ರಿ."

ನಲವತ್ತು ವರ್ಷ ದಲಾಲಿ ಮಾಡಿದವರಿಗೂ ಇದೊಂದು ಹೊಳೆದಿರಲಿಲ್ಲ. ಕಾಕಾ ಕಣ್ಣೊರಸಿಕೊಳ್ಳಲು ಆ ವಲ್ಲಿಯನ್ನೇ ಅವಳ ಕೈಗೆ ಕೊಟ್ಟರು.