ಎರಡು ಗೇಟುಗಳ ನಡುವಿನ ಮಾನ್ಯ ಆಡಿನವರಿಗೆ

ಇವರಿಗೆ,
ಗಡಿ ಉದ್ಯಾನದ ಮೊದಲ ಗೇಟಿಗೂ ಎರಡನೆಯ ಗೇಟಿಗೂ ನಡುವೆ, ಅಜ್ಜಿಯ ಟೀ ಅಂಗಡಿಯ ಬೆಂಚಿನ ಪಕ್ಕದಲ್ಲಿ ಕಾರ್ಯನಿರ್ವಹಿಸುತ್ತಿರುವ, ಬಿಳಿ ಮೈಯ, ಎಡಗೊಂಬು ತುಸು ಸೊಟ್ಟಗಿರುವ ಆಡಿನವರಿಗೆ.

ಮಾನ್ಯರೇ,

ತಮ್ಮ ಗಡ್ಡಕ್ಕೂ ಗೊರಸಿಗೂ ವಿಶೇಷವಾಗಿ ತಮ್ಮ ಜೀರ್ಣಶಕ್ತಿಗೂ ನನ್ನ ಅನಂತ ನಮಸ್ಕಾರಗಳು. ನಾನು ಕ್ಷೇಮ. ತಾವೂ ಕ್ಷೇಮವೆಂದೇ ನಂಬಿದ್ದೇನೆ, ಏಕೆಂದರೆ ಒಂದು ಸರ್ಕಾರಿ ಪರವಾನಗಿಯನ್ನು ಅದರ ಸಹಿ, ಗೋಂದು, ಕ್ರಮಸಂಖ್ಯೆ ಮತ್ತು ಷರತ್ತುಗಳ ಸಮೇತ ನಿಂತ ನಿಲುವಿನಲ್ಲೇ ಅರಗಿಸಿಕೊಂಡವರಿಗೆ ಈ ಲೋಕದಲ್ಲಿ ಇನ್ನೇನು ತಾನೇ ಆಗಲು ಸಾಧ್ಯ? ಇದುವರೆಗೆ ನಾನು ಬರೆದ ದೂರುಪತ್ರಗಳೆಲ್ಲ ಮನುಷ್ಯರಿಗೇ ಹೋದವು, ಒಬ್ಬರೂ ಅವುಗಳನ್ನು ಬಾಯಿಬಿಟ್ಟು ಓದಿದ ದಾಖಲೆಯಿಲ್ಲ. ತಾವಾದರೋ ಕಾಗದ ಎದುರಿಗೆ ಬಂದರೆ ಕೂಡಲೇ ಬಾಯಿಬಿಟ್ಟು ಅಂದಿನ ಕಡತವನ್ನು ಅಂದೇ ವಿಲೇವಾರಿ ಮಾಡುವವರು. ಆದ್ದರಿಂದ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ಮೊದಲು ನನ್ನ ಪರಿಚಯ. ನನ್ನದು ನೋಂದಣಿ ಕಚೇರಿಯ ಎದುರಿಗೆ, ಮೆಟ್ಟಿಲ ಕೆಳಗಿನ ಜೆರಾಕ್ಸ್ ಮತ್ತು ಲ್ಯಾಮಿನೇಷನ್ ಅಂಗಡಿ. ಹತ್ತೊಂಬತ್ತು ವರ್ಷಗಳಿಂದ ಊರಿನವರ ಜನನ, ಮದುವೆ, ಮನೆಪತ್ರಗಳನ್ನೆಲ್ಲ ಬಿಸಿ ರೋಲರುಗಳ ನಡುವೆ ಹಾಯಿಸಿ, ನೀರು, ಗೆದ್ದಲು, ಮಕ್ಕಳ ಕೈ ಇವ್ಯಾವುವೂ ತಾಗದಂತೆ ಮಾಡಿಕೊಟ್ಟಿದ್ದೇನೆ. ಮನೆಯಲ್ಲೂ ನನ್ನ ಕೈ ಸುಮ್ಮನಿರುವುದಿಲ್ಲ. ಅತ್ತೆಯವರ ಔಷಧಿ ಚೀಟಿ, ಮಗಳ ಮೊದಲ ಅಂಕಪಟ್ಟಿ, ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸಿದ್ದೇನೆ. ಒಮ್ಮೆ ಮನೆಯಾಕೆ ಬರೆದಿಟ್ಟ ದಿನಸಿ ಚೀಟಿಗೂ ಲ್ಯಾಮಿನೇಷನ್ ಮಾಡಿದ್ದರಿಂದ, ಅದು ಹಾಳಾಗದೆ ಉಳಿದು, ಆಕೆ ಎರಡು ವರ್ಷ ಅದೇ ಸಾಮಾನನ್ನೇ ತರಬೇಕಾಯಿತು.

ಈಗ ವಿಷಯಕ್ಕೆ ಬರುತ್ತೇನೆ. ಹನ್ನೊಂದು ವರ್ಷಗಳ ಹಿಂದೆ ನಮ್ಮ ಮನೆಗೆ ಬಂದ ಒಂದು ಕ್ಯಾಲೆಂಡರಿನಲ್ಲಿ ತಮ್ಮ ಉದ್ಯಾನದ ಸರೋವರದ ಚಿತ್ರವಿತ್ತು. ನಡುವೆ ನೀರು, ಆಚೆ ಪಕ್ಕದ ದೇಶದ ಬೆಟ್ಟ, ಈಚೆ ದಡದಲ್ಲಿ ಒಂಟಿ ಮರ. ಮನೆಯಾಕೆ ಅದನ್ನು ನೋಡಿ, "ರೀ, ಇಲ್ಲಿಗೊಂದ್ಸಲ ಹೋಗ್ಬರೋಣ" ಎಂದಳು. ನಾನು "ಓಹೋ, ಧಾರಾಳವಾಗಿ" ಎಂದು, ಹೋಗುವ ತನಕ ಇರಲಿ ಎಂದು ಆ ಪುಟಕ್ಕೆ ಲ್ಯಾಮಿನೇಷನ್ ಮಾಡಿ ಒಲೆಯ ಮೇಲ್ಗಡೆ ತೂಗುಹಾಕಿದೆ. ಹನ್ನೊಂದು ವರ್ಷ ಆಕೆ ಪ್ರತಿ ಶನಿವಾರ ಆ ಸರೋವರದ ಮೇಲಿನ ಎಣ್ಣೆ ಜಿಡ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಒರೆಸುವಾಗ ಏನೂ ಹೇಳುತ್ತಿರಲಿಲ್ಲ. ಆ ಏನೂ ಹೇಳದಿರುವುದನ್ನು ಕೇಳಿ ಕೇಳಿ ನನಗೆ ಸಾಕಾಗಿ, ಈ ವರ್ಷ ಹೊರಟೇಬಿಟ್ಟೆವು. ಅದೂ ಸರೋವರದ ದಾರಿ ಐದು ತಿಂಗಳ ಮಟ್ಟಿಗೆ ಮುಚ್ಚುವ ಮುಂಚಿನ ಕಡೆಯ ದಿನಕ್ಕೆ, ಏಕೆಂದರೆ ಕಡೆಯ ದಿನ ವಸತಿ ಅಗ್ಗ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತನ್ನು ನಾನು ಪ್ರಯಾಣದಲ್ಲಿ ಅಕ್ಷರಶಃ ಪಾಲಿಸುವವನು. ಆದರೆ ಆ ವಸತಿಗೃಹದ ಹಾಸಿಗೆ ಎಷ್ಟಿತ್ತೆಂದರೆ ಕಾಲು ಚಾಚಿದರೆ ಬಾಗಿಲು ತೆರೆದುಕೊಳ್ಳುತ್ತಿತ್ತು. "ಬೆಟ್ಟ ಕಾಣುವ ಕೋಣೆ" ಎಂದು ಅವರು ಹೇಳಿದ್ದು ಸುಳ್ಳಲ್ಲ, ಸ್ನಾನದ ಮನೆಯ ಬಕೆಟ್ಟನ್ನು ಬೋರಲು ಹಾಕಿ ಹತ್ತಿ ನಿಂತರೆ ಕಾಣುತ್ತಿತ್ತು. ಅಲ್ಲಿಂದ ಮುಂದಕ್ಕೆ ನಾವು ಹತ್ತಿದ ಬಸ್ಸು ಗಡಿಯುದ್ದಕ್ಕೂ ಸಾಗಿತು. ಎಡಕ್ಕೆ ನಮ್ಮ ದೇಶ, ಬಲಕ್ಕೆ ಅವರ ದೇಶ, ಎರಡೂ ಕಡೆ ಒಂದೇ ಹುಲ್ಲು, ಒಂದೇ ಹಸು. ಇಷ್ಟು ಚೆಂದದ ಹಾದಿಯನ್ನು ನಾವು ಕಿಟಕಿಗೆ ಅಂಟಿಸಿದ್ದ ಸಾಬೂನಿನ ಜಾಹೀರಾತಿನ ಸಣ್ಣ ಸಣ್ಣ ತೂತುಗಳ ಮೂಲಕ ಕಣ್ತುಂಬ ನೋಡಿದೆವು. ಮನೆಯಾಕೆ ದೂರಲಿಲ್ಲ. ಸರೋವರಕ್ಕೆ ಜಾಹೀರಾತು ಅಂಟಿಸಿರಲಾರರು ಎಂದಷ್ಟೇ ಹೇಳಿದಳು.

ಇನ್ನು ತಮ್ಮ ಕಾರ್ಯಕ್ಷೇತ್ರದ ನಿಯಮ ತಮಗೆ ಗೊತ್ತೇ ಇದೆ. ಗಡಿಯ ಪ್ರದೇಶವಾದ್ದರಿಂದ ಮೊದಲ ಗೇಟಿನಲ್ಲಿ ಪರವಾನಗಿಯ ಮೇಲೆ ಒಂದು ಮೊಹರು, ಮುನ್ನೂರು ಹೆಜ್ಜೆ ಆಚೆ ಎರಡನೆಯ ಗೇಟಿನಲ್ಲಿ ಇನ್ನೊಂದು ಮೊಹರು, ಆಮೇಲೆ ಸರೋವರ. ಪರವಾನಗಿ ಅಂಚೆಯಲ್ಲಿ ಬಂದ ದಿನವೇ ನಾನು, ದಾರಿಯಲ್ಲಿ ಮಳೆ ಗಿಳೆ ಬಂದೀತೆಂದು, ನನ್ನಲ್ಲಿರುವ ಅತ್ಯಂತ ದಪ್ಪನೆಯ ಹಾಳೆಯಲ್ಲಿ ಅದಕ್ಕೆ ಲ್ಯಾಮಿನೇಷನ್ ಮಾಡಿದ್ದೆ. ಮನೆಯಾಕೆ, "ಒಂದು ಕಾಗದನಾದ್ರೂ ಕಾಗದವಾಗಿ ಇರೋಕೆ ಬಿಡ್ರೀ" ಎಂದಿದ್ದಳು. ಕೇಳಿದ್ದರೆ ಈ ಪತ್ರ ಬರೆಯುವ ಭಾಗ್ಯ ನನ್ನದಾಗುತ್ತಿರಲಿಲ್ಲ.

ಮೊದಲ ಗೇಟಿನ ಗುಮಾಸ್ತರು ಪುಸ್ತಕದಲ್ಲಿ ನಮ್ಮಿಬ್ಬರ ವಿವರ ಬರೆದುಕೊಂಡು ಮೊಹರು ಒತ್ತಿದರು. ಶಾಯಿ ಜಾರಿ ಅವರ ಅಂಗಿಯ ತೋಳಿಗೆ ಇಳಿಯಿತು. ಮತ್ತೆ ಒತ್ತಿದರು, ಎದ್ದು ನಿಂತು ಒತ್ತಿದರು, ದೊಡ್ಡ ಮೊಹರು ತರಿಸಿ ಒತ್ತಿದರು. "ಏನ್ ಸ್ವಾಮಿ ಇದು, ಎಮ್ಮೆ ಮೇಲೆ ಮಳೆ ಸುರಿದ ಹಾಗೆ!" ಎಂದು ಗದರಿ, ಹಿಂದೆ ಸಾಲು ಬೆಳೆಯುತ್ತಿದ್ದುದರಿಂದ, "ಒಳಗಡೆ ಹೋಗಿ ಆ ಪ್ಲಾಸ್ಟಿಕ್ ಬಿಡಿಸ್ಕೊಂಡು ಬನ್ನಿ, ಒತ್ತಿಕೊಡ್ತೀನಿ" ಎಂದು ದಾರಿಯ ಅಡ್ಡಕಂಬ ಎತ್ತಿದರು. ಹೀಗೆ ನಾವು ತಮ್ಮ ಸನ್ನಿಧಿಗೆ ಬಂದೆವು. ಅಜ್ಜಿಯಿಂದ ಕತ್ತರಿ ಪಡೆದು, ಟೀ ಕೆಟಲಿನ ಹಬೆಗೆ ಹಿಡಿದು, ನನ್ನದೇ ಕೆಲಸವನ್ನು ನನ್ನದೇ ಕೈಯಿಂದ ಬಿಚ್ಚಿದೆ. ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯಲ್ಲಿ ನನಗೆ ದುಃಖವೂ ಆಯಿತು, ಒಳ್ಳೆಯ ಅಂಟು ಎಂಬ ಹೆಮ್ಮೆಯೂ ಆಯಿತು. ಹಬೆಗೆ ಮೆತ್ತಗಾದ ಪರವಾನಗಿಯನ್ನು ಆರಲೆಂದು ಬೆಂಚಿನ ಮೇಲೆ ಹರಡಿ, ಹಾರದಂತೆ ಮೇಲೊಂದು ಬನ್ನಿನ ಚೂರನ್ನಿಟ್ಟು, ದಪ್ಪ ಹಾಳೆಗೂ ತೆಳು ಹಾಳೆಗೂ ಇರುವ ವ್ಯತ್ಯಾಸವನ್ನು ಅಜ್ಜಿಗೆ ವಿವರಿಸತೊಡಗಿದೆ.

ಬನ್ನು ಇಟ್ಟಿದ್ದು ನನ್ನ ತಪ್ಪು. ಒಪ್ಪುತ್ತೇನೆ. ಆದರೆ ಬನ್ನು ಮುಗಿದ ಮೇಲೆ ತಾವು ನಿಲ್ಲಬಹುದಿತ್ತು.

ತಾವು ನಿಲ್ಲಲಿಲ್ಲ. ನಾನು ತಿರುಗಿ ನೋಡುವಷ್ಟರಲ್ಲಿ ಷರತ್ತು ಒಂದರಿಂದ ಒಂಬತ್ತರವರೆಗೆ ಒಳಗೆ ಹೋಗಿ, ಕಾರ್ಯದರ್ಶಿಯವರ ಸಹಿ ತಮ್ಮ ತುಟಿಯಂಚಿನಲ್ಲಿ ಅಲ್ಲಾಡುತ್ತಿತ್ತು. ಅದರಲ್ಲಿ ನಮ್ಮಿಬ್ಬರ ಫೋಟೋಗಳಿದ್ದವು. ಮನೆಯಾಕೆಯ ಫೋಟೋವನ್ನು ತಾವು ಕಣ್ಣು ಮುಚ್ಚಿ ಸವಿದಿರಿ. ನನ್ನದನ್ನು ಎರಡು ಸಲ ಅಗಿದು, ಯೋಚಿಸಿ, ಉಗುಳಿದಿರಿ. ಆಡು ಮುಟ್ಟದ ಸೊಪ್ಪಿಲ್ಲ ಎಂದು ನಮ್ಮ ಹಿರಿಯರು ಹೇಳಿಹೋದದ್ದನ್ನು ನಂಬಿ ಬದುಕಿದ್ದ ನನಗೆ ಇದು ಸಣ್ಣ ಅವಮಾನವಲ್ಲ. ಆಮೇಲೆ ಎತ್ತಿ ನೋಡಿದಾಗ ಕಾರಣ ತಿಳಿಯಿತು. ಹನ್ನೆರಡು ವರ್ಷಗಳ ಹಿಂದೆ ನಾನು ತೆಗೆಸಿದ ಒಂದು ಡಜನ್ ಫೋಟೋಗಳಿಗೂ ಆಗಲೇ ಒಂದೊಂದಾಗಿ ಲ್ಯಾಮಿನೇಷನ್ ಮಾಡಿಟ್ಟಿದ್ದೆ. ಹಾಗಾಗಿ ನಾನು ಎಲ್ಲ ಅರ್ಜಿಗಳಲ್ಲೂ ತಲೆತುಂಬ ಕೂದಲಿರುವವನಾಗಿಯೇ ಇದ್ದೇನೆ, ತಮಗೆ ಮಾತ್ರ ರುಚಿಸಲಿಲ್ಲ.

ಮುಂದಿನ ಮೂರು ಗಂಟೆ ಹೇಗೆ ಕಳೆಯಿತೆಂದು ತಾವು ಮೆಲುಕು ಹಾಕುತ್ತಾ ನೋಡಿದ್ದೀರಿ. ಎರಡನೆಯ ಗೇಟಿನ ಕಾವಲುಗಾರರು, "ಪರವಾನಗಿ ಇಲ್ದೆ ಒಳಗೆ ಬಿಡೋಕಾಗಲ್ಲ" ಎಂದರು. ಮೊದಲ ಗೇಟಿನ ಗುಮಾಸ್ತರು, "ಪರವಾನಗಿ ತೋರಿಸ್ದೆ ಹೊರಗೂ ಬಿಡೋಕಾಗಲ್ಲ, ಪುಸ್ತಕದಲ್ಲಿ ನೀವು ಒಳಗಿದ್ದೀರಿ" ಎಂದರು. ನಾನು ಆರು ಸಲ ಅಲ್ಲಿಂದಿಲ್ಲಿಗೆ ನಡೆದೆ. ಅತ್ತ ದರಿ ಇತ್ತ ಪುಲಿ ಎಂದು ಬಾಯಿಮಾತಿಗೆ ಅನ್ನುತ್ತಿದ್ದವನು, ಮುನ್ನೂರು ಹೆಜ್ಜೆ ಉದ್ದದ ಜಾಗದಲ್ಲಿ ನಿಜವಾಗಿ ಅದನ್ನು ಅನುಭವಿಸಿದೆ. ಮನೆಯಾಕೆ ಮಾತ್ರ ಬೆಂಚಿನ ಮೇಲೆ ಮಡಿಲಲ್ಲಿ ಕೈಯಿಟ್ಟು ಕುಳಿತಿದ್ದಳು. ಬೇಲಿಯ ಆಚೆಯಿಂದ ನೀರಿನ ವಾಸನೆ ಬರುತ್ತಿತ್ತು. ಶನಿವಾರಗಳಲ್ಲಿ ಕ್ಯಾಲೆಂಡರು ಒರೆಸುವಾಗ ಇರುತ್ತಿದ್ದ ಮುಖವೇ ಅವಳಿಗೆ ಆಗಲೂ ಇತ್ತು. ಸ್ವಾಮಿ, ನನಗೆ ಅಳು ಬಂದಿತ್ತು. ತಮ್ಮೆದುರು ಅಳಬಾರದೆಂದು ತಡೆದುಕೊಂಡೆ.

ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ ತಾವು ಎದ್ದು ಮೈ ಕೊಡವಿ, ಎರಡನೆಯ ಗೇಟಿನ ಪಕ್ಕದ ಬೇಲಿಯ ಸಂದಿಯ ಕಡೆ ಹೊರಟಿರಿ. "ಅದು ದಿನಾ ಈ ಹೊತ್ತಿಗೆ ಸರೋವರಕ್ಕೆ ನೀರು ಕುಡಿಯೋಕೆ ಹೋಗುತ್ತೆ" ಎಂದು ಅಜ್ಜಿ ಲೋಟ ತೊಳೆಯುತ್ತಾ ಹೇಳಿದರು. ಮನೆಯಾಕೆ ಒಂದು ಕ್ಷಣ ತಮ್ಮನ್ನೇ ನೋಡಿದಳು. ಆಮೇಲೆ ಚಪ್ಪಲಿ ಕೈಗೆತ್ತಿಕೊಂಡು ತಮ್ಮ ಹಿಂದೆಯೇ ನಡೆದಳು. ನಾನು ಗಾಬರಿಯಿಂದ, "ಪರವಾನಗಿ ಇಲ್ಲ ಕಣೇ!" ಎಂದು ಕೂಗಿದೆ. ಆಕೆ ತಿರುಗಿಯೂ ನೋಡದೆ, "ಇದರ ಹೊಟ್ಟೇಲಿದೆಯಲ್ಲ, ಅದರ ಜೊತೆಗೇ ಹೋಗ್ತಿದ್ದೀನಿ" ಎಂದಳು.

ಕಾವಲುಗಾರರು ಓಡಿಬಂದರು. ತಮ್ಮ ಹೊಟ್ಟೆಯನ್ನು ನೋಡಿದರು, ಆಕೆಯನ್ನು ನೋಡಿದರು, ಬಹಳ ಹೊತ್ತು ಮೀಸೆ ತಿರುವಿದರು. ಪರವಾನಗಿ ಮತ್ತು ಫೋಟೋ ವ್ಯಕ್ತಿಯ ಜೊತೆಯಲ್ಲಿರತಕ್ಕದ್ದು ಎಂದು ನಿಯಮದಲ್ಲಿದೆಯಂತೆ, ಎಲ್ಲಿರಬೇಕೆಂದು ಹೇಳಿಲ್ಲವಂತೆ. "ಅದೂ ಸರಿಯೇ" ಎಂದು ದಾರಿ ಬಿಟ್ಟರು. ನಾನೂ ಹಿಂದೆ ಹೊರಟಾಗ ನನ್ನೆದೆಗೆ ಕೈ ಅಡ್ಡವಿಟ್ಟು ನೆಲದ ಮೇಲೆ ಬಿದ್ದಿದ್ದ ನನ್ನ ಫೋಟೋವನ್ನು ತೋರಿಸಿ, "ನಿಮ್ಮದು ಹೊರಗಿದೆಯಲ್ಲ ಸ್ವಾಮಿ" ಎಂದರು.

ಅವರು ಒಂದು ಜೀಪಿಗೆ ಕಂಬ ಎತ್ತಲು ಹೋದಾಗ ನಾನು, ಬದುಕಿನಲ್ಲಿ ಮೊದಲ ಬಾರಿಗೆ ನಿಯಮ ಮೀರಿ, ತಮ್ಮ ಬೇಲಿಯ ಸಂದಿಗೆ ತಲೆ ತೂರಿಸಿದೆ. ತಲೆ ಹೋಯಿತು, ಹೆಗಲೂ ಹೋಯಿತು, ಸೊಂಟ ನಿಂತಿತು. ಸೊಂಟದ ಚೀಲದಲ್ಲಿ ಬಸ್ಸಿನ ಟಿಕೆಟ್ಟು, ವಸತಿಗೃಹದ ರಸೀದಿ, ಇಬ್ಬರ ರಕ್ತದ ಗುಂಪು ಎಲ್ಲವೂ ಲ್ಯಾಮಿನೇಷನ್ ಆಗಿ ಹಲಗೆಯಂತೆ ಸೆಟೆದು ನಿಂತಿದ್ದವು. ಹಿಂದೆ ಬರಲೂ ಆಗದೆ ಮುಂದೆ ಹೋಗಲೂ ಆಗದೆ ಇದ್ದ ನನಗೆ ಮುಂದಿನ ಪೊದೆಯ ಎಲೆಗಳ ಹೊರತು ಏನೂ ಕಾಣಲಿಲ್ಲ. ಆದರೆ ಕೇಳಿಸಿತು. ಪೊದೆಯ ಆಚೆ ಯಾರೋ ನೀರಿನಲ್ಲಿ ಕಾಲು ಬಡಿಯುತ್ತಾ ನಗುತ್ತಿದ್ದರು. ಯಾರದೀ ನಗು ಎಂದು ಒಂದು ಗಳಿಗೆ ನನಗೆ ಗುರುತೇ ಸಿಗಲಿಲ್ಲ. ಅದು ಮನೆಯಾಕೆಯದು ಎಂದು ತಿಳಿದಾಗ ನಾಚಿಕೆಯಾಯಿತು. ಬೇಲಿಯಲ್ಲಿ ಸಿಕ್ಕಿಕೊಂಡದ್ದಕ್ಕಲ್ಲ.

ಸಂಜೆ ಪಾಳಿ ಬದಲಾಗಿ ಬಂದ ಹೊಸ ಗುಮಾಸ್ತರು ಅಜ್ಜಿಯ ಹೇಳಿಕೆ ಪಡೆದು, ಪುಸ್ತಕದಲ್ಲಿ "ಪರವಾನಗಿ: ಆಡಿನ ವಶದಲ್ಲಿ" ಎಂದು ಬರೆದು ನಮ್ಮನ್ನು ಬಿಟ್ಟರು. ಬಸ್ಸಿನಲ್ಲಿ ನಾನು ಮೆಲ್ಲಗೆ, ಸರೋವರ ಹೇಗಿತ್ತು ಎಂದು ಕೇಳಿದೆ. ಆಕೆ ಒದ್ದೆ ಕಾಲುಗಳನ್ನು ಮುಂದಿನ ಸೀಟಿನ ಕೆಳಗೆ ಚಾಚಿ, "ಮನೇಲಿದೆಯಲ್ಲ, ನೋಡ್ಕೊಳ್ಳಿ. ನೀವೇ ಲ್ಯಾಮಿನೇಷನ್ ಮಾಡಿಟ್ಟಿದ್ದೀರಿ" ಎಂದಳು. ಅಂದಿನಿಂದ ಶನಿವಾರದ ಜಿಡ್ಡು ಒರೆಸುವುದು ನನ್ನ ಪಾಲಿಗೆ ಬಂದಿದೆ. ಎಷ್ಟು ಒರೆಸಿದರೂ ಆ ಚಿತ್ರದಲ್ಲಿ ನಗುವ ಸದ್ದು ಬರುವುದಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ವಿನಂತಿಗಳು ಬಹಳ ಅಲ್ಪ. ಸದರಿ ಪರವಾನಗಿ ಈಗ ಯಾವ ರೂಪದಲ್ಲಿದ್ದರೂ ಅದರ ಒಂದು ದೃಢೀಕೃತ ಪ್ರತಿಯನ್ನು ಕಳುಹಿಸಿಕೊಡಬೇಕು. ಬಿಡುವಾದಾಗ ಮೊದಲ ಗೇಟಿನ ಆ ಪುಸ್ತಕವನ್ನೂ ಪರಿಶೀಲನೆಗೆ ತೆಗೆದುಕೊಳ್ಳಬೇಕು, ಅದು ಇನ್ನೂರು ಪುಟವಿದೆ, ತಮಗೆ ಎರಡು ಹೊತ್ತಿಗಾದೀತು. ಬೇಲಿಯ ಸಂದಿಯನ್ನು ಐವತ್ತು ದಾಟಿದ, ಕೂತು ಕೆಲಸ ಮಾಡುವವರ ಅಳತೆಗೆ ಅಗಲ ಮಾಡಿಸಿಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಒಂದು ಗಂಟೆ ಮನೆಯಾಕೆ ತಮ್ಮೊಡನೆ ಏನು ಮಾತಾಡಿದಳು, ಯಾತಕ್ಕೆ ನಕ್ಕಳು, ನನ್ನ ಸುದ್ದಿಯೇನಾದರೂ ಬಂತೇ ಎಂಬುದನ್ನು ಮರುಟಪಾಲಿನಲ್ಲಿ ತಿಳಿಸಬೇಕು. ಇಂತಹ ವಿಷಯಗಳನ್ನು ನಾನು ಮನೆಯಲ್ಲೇ ಕೇಳಿಕೊಳ್ಳಬಹುದಲ್ಲ ಎಂದು ತಾವು ಅನ್ನಬಹುದು. ಕೇಳಿದೆ. "ಅದು ನನಗೂ ಆಡಿಗೂ ಗೊತ್ತು" ಎಂದಳು.

ಇಂತಿ ತಮ್ಮ ವಿಶ್ವಾಸಿ, ಹಾಗೂ ತಮ್ಮ ಬೇಲಿಯಿಂದ ಅಜ್ಜಿ ಕಾಲು ಹಿಡಿದೆಳೆದು ಬಿಡಿಸಿದ,
ಲ್ಯಾಮಿನೇಷನ್ ಅಂಗಡಿಯವನು

ಮರೆತ ಮಾತು: ತಮ್ಮ ಅಭ್ಯಾಸ ತಿಳಿದಿರುವುದರಿಂದ ಈ ಪತ್ರಕ್ಕೆ ಅತ್ಯಂತ ದಪ್ಪ ಹಾಳೆ ಹೊದಿಸಿಯೇ ಕಳುಹಿಸಬೇಕೆಂದು ಯಂತ್ರ ಬಿಸಿ ಮಾಡಿಟ್ಟಿದ್ದೆ. ಆಮೇಲೆ ಯಂತ್ರ ಆರಿಸಿ, ಎದುರುಗಡೆಯ ಸ್ಟುಡಿಯೋಗೆ ಹೋಗಿ, ಹನ್ನೆರಡು ವರ್ಷಗಳ ನಂತರ ಒಂದು ಹೊಸ ಫೋಟೋ ತೆಗೆಸಿಕೊಂಡು ಬಂದೆ. ಕೂದಲಿಲ್ಲ, ಕನ್ನಡಕವಿದೆ. ಅದನ್ನು ಈ ಪತ್ರದ ಮೂಲೆಗೆ ಬರೀ ಗೋಂದಿನಲ್ಲಿ ಅಂಟಿಸಿದ್ದೇನೆ, ಮೇಲೆ ಏನೂ ಹೊದಿಸಿಲ್ಲ. ಐದು ತಿಂಗಳ ಬಳಿಕ ದಾರಿ ತೆರೆದ ಮೊದಲ ದಿನವೇ ನಾವಿಬ್ಬರೂ ಬರುತ್ತೇವೆ. ನಾವು ಮೊದಲ ಗೇಟಿನಲ್ಲಿ ಕಂಡ ಕೂಡಲೇ, ಒಂದು ಗಳಿಗೆ ಮೊದಲೂ ಅಲ್ಲ ಆಮೇಲೂ ಅಲ್ಲ, ಕಾವಲುಗಾರರ ಕಣ್ಣೆದುರಿಗೇ ಆ ಫೋಟೋವನ್ನು ತಿಂದುಬಿಡಿ. ಈ ಸಲ ದಯವಿಟ್ಟು ಉಗುಳಬೇಡಿ.