ಆಘಾಡಿಯ ಹತ್ತನೆಯವರು

ಒಂಬತ್ತು ಕಪ್ಪು ಚಹಾ ಕೊಟ್ಟು ಮುಗಿದ ಮೇಲೂ ಒಂದು ಕೈ ಚಾಚಿಕೊಂಡೇ ಇತ್ತು.

ನೇಮಿನಾಥ ಅದನ್ನು ಸರಿಯಾಗಿ ನೋಡಲಿಲ್ಲ. ದ್ರಾಕ್ಷಿ ಒಣಗಿಸುವ ಶೆಡ್ಡಿನೊಳಗೆ, ಹಸಿರು ಪರದೆಯ ಬೆಳಕಿನಲ್ಲಿ, ಎಲ್ಲರ ಕೈಗಳೂ ಬಾವಿಯ ನೀರಿನೊಳಗಿನ ಕೈಗಳ ಹಾಗೆ ಕಾಣುತ್ತಿದ್ದವು. ತನಗೆಂದು ಇಟ್ಟುಕೊಂಡಿದ್ದ ಕಪ್ಪನ್ನು ಆ ಕೈಗೆ ಕೊಟ್ಟು, ಖಾಲಿ ಕಿಟ್ಲಿ ಹಿಡಿದು ಬಾಗಿಲ ತನಕ ಬಂದ. ಅಲ್ಲಿ ನಿಂತ ಮೇಲೆ ಅವನಿಗೆ ಹೊಳೆಯಿತು. ಮುಂಜಾನೆ ಟೆಂಪೋದಲ್ಲಿ ಕರೆತಂದವರು ಒಂಬತ್ತೇ ಮಂದಿ.

ಮಿರಜದ ಹೊರವಲಯ ಬೆಳೆಯುತ್ತ ಬೆಳೆಯುತ್ತ ಹುಣಸೆವಾಡಿಯ ಅಂಗಳಕ್ಕೇ ಬಂದು ನಿಂತಿದ್ದ ಕಾಲ ಅದು. ಆ ಊರಿನ ಪಂಚಾಯತಿಯಲ್ಲಿ ಹದಿನೇಳು ಸದಸ್ಯರು. ಅಂದು ಮಧ್ಯಾಹ್ನ ಮೂರು ಗಂಟೆಗೆ ಸರಪಂಚರ ಆಯ್ಕೆ. ಒಂದು ಕಡೆ ಜ್ಯೋತೆಪ್ಪನ ಎಂಟು ಮಂದಿ. ಇನ್ನೊಂದು ಕಡೆ ಮೂರು ಪಕ್ಷ ಸೇರಿ ಕಟ್ಟಿದ ಆಘಾಡಿ: ಕಿರಾಣಿ ವ್ಯಾಪಾರಿ ಬಸಲಿಂಗಪ್ಪನವರ ಪಕ್ಷದ ಮೂವರು, ದ್ರಾಕ್ಷಿ ತೋಟದ ಪಾಯಪ್ಪ ಪಾಟೀಲರ ಪಕ್ಷದ ಮೂವರು, ಮರಾಠಿ ತರುಣರ ಮುಂದಾಳು ದಿಲೀಪನ ಪಕ್ಷದ ಇಬ್ಬರು, ಜೊತೆಗೆ ಯಾವ ಪಕ್ಷವೂ ಇಲ್ಲದ ಮುದುಕಿ ತುಳಸವ್ವ. ಒಂದೇ ಚಾದರ ಹೊದ್ದು ಮಲಗಿದವರ ಹಾಗಿತ್ತು ಆಘಾಡಿ. ಒಬ್ಬರು ಮಗ್ಗುಲಾದರೆ ಇನ್ನೊಬ್ಬರ ಕಾಲು ಬಯಲಿಗೆ. ಯಾರನ್ನಾದರೂ ಜ್ಯೋತೆಪ್ಪ ಎತ್ತಿಕೊಂಡು ಹೋದಾನು ಎಂದು, ಎಲ್ಲರನ್ನೂ ಸಲಗರೆ ರಸ್ತೆಯ ಪಾಯಪ್ಪನವರ ಶೆಡ್ಡಿನಲ್ಲಿ ಕೂಡಿಸಿದ್ದರು. ಒಣಗಿದ ದ್ರಾಕ್ಷಿ, ಬೇದಾಣೆ, ಮಾರಿಹೋಗಿತ್ತು. ಅಂತಸ್ತು ಅಂತಸ್ತಾಗಿ ಕಟ್ಟಿದ ಬರಿದಾದ ಬಲೆಗಳೂ ಗಂಧಕದ ವಾಸನೆಯೂ ಅಲ್ಲೇ ಉಳಿದಿದ್ದವು.

ನೇಮಿನಾಥ ಬಸಲಿಂಗಪ್ಪನವರ ಅಂಗಡಿಯ ಆಳು. ಮುಂಜಾನೆ ಅವರು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರು. "ಅರ್ಧಾ ತಾಸಿಗೊಮ್ಮೆ ತಲಿ ಎಣಸು. ಒಂಬತ್ತ ಮಂದೀನ್ನ ಮೂರಕ್ಕ ಪಂಚಾಯ್ತಿಗೆ ಮುಟ್ಟಿಸಿದಿ ಅಂದ್ರ, ಅಲ್ಲಿ ಗೇಟಿನ ಬಾಜೂಕಿನ ಹತ್ತ ಫೂಟ ಜಾಗಾ ನಿಂದು."

ಆ ಹತ್ತು ಅಡಿಯಲ್ಲಿ ಎಸ್‌ಟಿಡಿ ಬೂತು ಹಾಕುವುದು ನೇಮಿನಾಥನ ಕನಸು. ಅವನು ಮನಸ್ಸಿಟ್ಟಿದ್ದ ಸಮಡೋಳಿಯ ಸಂಪದಾಳ ಅಪ್ಪ ಸ್ಪಷ್ಟವಾಗಿ ಹೇಳಿಬಿಟ್ಟಿದ್ದ: ಅಂಗಡಿಯ ಆಳಿಗೆ ಮಗಳನ್ನು ಕೊಡುವುದಿಲ್ಲ, ಬೂತಿನ ಮಾಲಕನಾದರೆ ಕೊಡುತ್ತೇನೆ. ನೇಮಿನಾಥ ಹಳದಿ ಬೋರ್ಡು ಬರೆಯಿಸಿ ಮಂಚದ ಕೆಳಗೆ ಇಟ್ಟುಕೊಂಡೂ ಆಗಿತ್ತು.

ಈಗ ಅವನು ಬಾಗಿಲಲ್ಲೇ ನಿಂತು ಎಣಿಸಿದ. ಹೆಸರು ಹಿಡಿದು ಎಣಿಸಿದರೆ ಒಂಬತ್ತು. ತಲೆ ಹಿಡಿದು ಎಣಿಸಿದರೆ ಹತ್ತು. ಪ್ರತಿಯೊಂದು ಮುಖವೂ ಗುರುತಿನದೇ. ಆದರೂ ಹತ್ತು.

"ಮಾಲಕ್ರ, ಒಂದು ತಲಿ ಹೆಚ್ಚಾಗೇತ್ರಿ," ಎಂದು ಬಸಲಿಂಗಪ್ಪನವರ ಕಿವಿಯಲ್ಲಿ ಪಿಸುಗುಟ್ಟಿದ.

"ಸಕ್ರಿ ತೂಗಾಕೂ ಬರೂದಿಲ್ಲ, ತಲಿ ಎಣಸಾಕೂ ಬರೂದಿಲ್ಲ ನಿನಗ," ಎಂದು ಅವರು ತಾವೇ ಎದ್ದು ಬೆರಳು ಮಡಚುತ್ತ ಹೋದರು. ಎರಡು ಕೈಯ ಬೆರಳೂ ಮುಗಿದವು. ಅವರ ಮುಖ ಒಂದೇ ಕಡೆ ಭಾರ ಬಿದ್ದ ತಕ್ಕಡಿಯ ಹಾಗೆ ವಾಲಿತು.

ಪಾಯಪ್ಪ ಎಣಿಸಿದರು. ದಿಲೀಪ ಮರಾಠಿಯಲ್ಲಿ ಎಣಿಸಿದ. "ದಹಾ," ಅಂದ. "ಮರಾಠ್ಯಾಗೂ ಅಷ್ಟ ಬರ್ತದ."

"ಸಾಲಾಗಿ ಕುಂದರ್ರಿ," ಎಂದರು ಬಸಲಿಂಗಪ್ಪ. "ಒಬ್ಬೊಬ್ರ ತಮ್ಮ ನಂಬರ ಹೇಳ್ರಿ."

ಬಲೆಗಳ ನಡುವಿನ ಸಂದಿಯಲ್ಲಿ ಸಾಲಾಗಿ ಕೂತರು. ಒಂದು, ಎರಡು, ಮೂರು ಎಂದು ದನಿ ಮುಂದೆ ಮುಂದೆ ಹೋಯಿತು. ಕೊನೆಗೆ ಕೂತ ತುಳಸವ್ವ, "ಒಂಬತ್ತು," ಎಂದಳು.

ಹೊರಗೆ ಗಾಳಿ ನಿಂತಿತು. ಪಂಕ್ತಿಗೆ ತಡವಾಗಿ ಬಂದವರು ಸಂಕೋಚದಿಂದ ಕೊನೆಯ ಎಲೆಗೆ ಕೂತು ನೀರು ಕೇಳುವ ಹಾಗೆ, ಸಾಲಿನ ತುದಿಯಿಂದ ಮೆಲ್ಲಗೆ ಒಂದು ದನಿ ಬಂತು.

"ಹತ್ತು."

ತುಳಸವ್ವನ ಆಚೆ ಬರೀ ಬಲೆ. ಬಲೆ ಮಾತ್ರ ಯಾರೋ ಬೆನ್ನು ಆನಿಸಿದ ಹಾಗೆ ಒಳಗೆ ಬಾಗಿತ್ತು.

ದಿಲೀಪ ಚಪ್ಪಲಿ ಹುಡುಕತೊಡಗಿದ. "ಮೀ ಚಾಲಲೋ, ನಾ ಹೊಂಟೆ. ಸರಪಂಚಕಿ ನಿಮಗ ಇರ್ಲಿ, ನನಗ ಜೀವ ಬೇಕು." ಅವನ ಹಿಂದೆ ಇನ್ನೂ ನಾಲ್ಕು ಮಂದಿ ಎದ್ದರು. ನೇಮಿನಾಥನ ಕಣ್ಣೆದುರು ಹಳದಿ ಬೋರ್ಡು ಹೊಳೆಯಲ್ಲಿ ತೇಲಿಹೋಯಿತು. ಅವನು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ದಾದಾ, ಕಡಿಮಿ ಆಗಿದ್ರ ಅಂಜಬೇಕ್ರಿ. ಹೆಚ್ಚಾದರ ಯಾಕ ಅಂಜತೀರಿ? ಕೈ ಎತ್ತೂ ಹೊತ್ತಿಗೆ ಒಂದು ಕೈ ಹೆಚ್ಚಿಗೀನ ಇರತೈತಲ್ಲ."

ಮೂರು ಪಕ್ಷಗಳ ತಲೆಗಳೂ ಒಟ್ಟಿಗೆ ಓಡತೊಡಗಿದ್ದು ನೇಮಿನಾಥನಿಗೆ ಕೇಳಿಸಿದಂತಾಯಿತು. ದಿಲೀಪ ಚಪ್ಪಲಿ ಬಿಟ್ಟ.

ಮೊದಲು ಬಸಲಿಂಗಪ್ಪ ನೇಮಿನಾಥನನ್ನು ಮೂಲೆಗೆ ಕರೆದರು. "ಆ ಹತ್ತನೇದವರನ್ನ ನಮ್ಮ ಪಕ್ಷದಾಗ ಬರಕೋ. ನಾಕ ಆಗತೇವಿ."

ಅಷ್ಟರಲ್ಲಿ ಪಾಯಪ್ಪ ಗಟ್ಟಿಯಾಗಿಯೇ ಹೇಳಿದರು. "ಶೆಡ್ ನಂದು. ಶೆಡ್ಡಿನ್ಯಾಗ ಇದ್ದದ್ದು ನಂದು. ಉಪಸರಪಂಚಕಿ ನಮಗ ಬರಬೇಕು."

"ವಾ ಕಾಕಾ," ಎಂದ ದಿಲೀಪ. "ನಿಮ್ಮ ಶೆಡ್ಡಿನ್ಯಾಗ ಇಲಿನೂ ಅದಾವು, ಅವೂ ನಿಮ್ಮ ಪಕ್ಷದ್ದೇನು?"

"ಅದು 'ಹತ್ತು' ಅಂತೋ, 'ದಹಾ' ಅಂತೋ? ಕನ್ನಡದ್ದೈತಿ. ನಿನಗೇನ ಸಂಬಂಧ?" ಎಂದರು ಪಾಯಪ್ಪ.

"ಕನ್ನಡ ಮಾತಾಡಿದ್ರ ನಿಮ್ಮದಾತೇನು? ನಾನೂ ಈಗ ಕನ್ನಡಾನ ಮಾತಾಡಾಕತ್ತೇನಿ."

ಮುಕ್ಕಾಲು ತಾಸು ಹೀಗೇ ನಡೆಯಿತು. ಅಂಜಿಕೆ ಯಾವಾಗ ಎದ್ದು ಹೋಯಿತೋ ಯಾರಿಗೂ ಗೊತ್ತಾಗಲಿಲ್ಲ. ತಂಬಾಕು ತಿಕ್ಕುತ್ತ ಕೂತಿದ್ದ ತುಳಸವ್ವ ಕೊನೆಗೆ ಬಾಯಿ ತೆಗೆದಳು.

"ಅದಕ್ಕೂ ಪಕ್ಷ ಇಲ್ಲ, ನನಗೂ ಇಲ್ಲ. ಅದರ ಪಾಡು ನನಗ ತಿಳೀತೈತಿ. ಎಲ್ಲಾರೂ ನನ್ನ ಜಗ್ಗಾಡಿದ್ರಿ, ನನಗ ಏನ ಬೇಕು ಅಂತ ಒಬ್ಬರರೆ ಕೇಳಿದ್ರೇನು?" ಆಮೇಲೆ ಬಲೆಯ ಕಡೆ ತಿರುಗಿ, ಮನೆಗೆ ಬಂದ ಬೀಗರನ್ನು ಕೇಳುವ ಹಾಗೆ ಕೇಳಿದಳು. "ನಿಮಗೇನ ಬೇಕ್ರಿ?"

ಬಲೆಗಳು ಕೆಳಗಿನಿಂದ ಮೇಲಿನ ತನಕ ಒಂದೊಂದಾಗಿ ಅಲುಗಿದವು.

"ಕುಂದ್ರಾಕ ಒಂದೀಟು ಜಾಗಾ."

ಬಸಲಿಂಗಪ್ಪ ಉಸಿರು ಬಿಟ್ಟರು. "ಅಷ್ಟ ಏನ್ರಿ? ಆತ ಬಿಡ್ರಿ." ನೇಮಿನಾಥನಿಗೂ ಕಣ್ಣಲ್ಲಿ ನೀರು ಬಂತು. ಇಷ್ಟು ಸೋವಿಯಲ್ಲಿ ಬಗೆಹರಿಯುವ ಆಘಾಡಿಯನ್ನು ಅವನು ಕಂಡಿರಲಿಲ್ಲ.

ದಿಲೀಪ ಆಣೆಗೆಂದು ಕಿಸೆಯಲ್ಲಿ ತಂದಿದ್ದ ಭಂಡಾರದ ಅರಿಶಿನವನ್ನು ತಟ್ಟೆಗೆ ಸುರಿದ. ಒಬ್ಬೊಬ್ಬರೂ ಒಂದು ಚಿಟಿಕೆ ಎತ್ತಿ, ಕೊಟ್ಟ ಮಾತು ತಪ್ಪುವುದಿಲ್ಲ ಎಂದರು. ಎಲ್ಲರೂ ಎತ್ತಿದ ಮೇಲೆ ನೇಮಿನಾಥ ತಟ್ಟೆ ನೋಡಿದ. ಅರಿಶಿನದಲ್ಲಿ ಹತ್ತು ಕುಳಿಗಳಿದ್ದವು. ಹತ್ತನೆಯದು ಬಹಳ ಚಿಕ್ಕದು, ಹೆಚ್ಚು ಆಸೆಯಿಲ್ಲದವರ ಚಿಟಿಕೆ.

ಎರಡೂವರೆಗೆ ಟೆಂಪೋ ಹೊರಟಿತು. ಒಂದು ಮೂಲೆಯಲ್ಲಿ ಒಬ್ಬರು ಕೂಡುವಷ್ಟು ಜಾಗ ಬಿಟ್ಟು, ಉಳಿದವರು ಒಬ್ಬರ ತೊಡೆಯ ಮೇಲೊಬ್ಬರು ಕೂತರು.

ಪಂಚಾಯತಿಯಲ್ಲಿ ಚುನಾವಣೆಯ ಅಧಿಕಾರಿ, ಬಸಲಿಂಗಪ್ಪನವರ ಪರ ಇದ್ದವರು ಕೈ ಎತ್ತಿರಿ ಎಂದರು. ಎಣಿಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಎಣಿಸಿದರು. ಜ್ಯೋತೆಪ್ಪನ ಎಂಟು ಕೈ ಎಣಿಸಿದರು. ಹದಿನೇಳು ಸದಸ್ಯರ ಪಟ್ಟಿಯನ್ನೂ ಎದುರಿನ ಹದಿನೆಂಟು ಕೈಗಳನ್ನೂ ಸ್ವಲ್ಪ ಹೊತ್ತು ನೋಡುತ್ತ ಕೂತರು. ಅವರಿಗೆ ಸಾಂಗಲಿಯ ಬಸ್ಸು ಹಿಡಿಯುವುದಿತ್ತು. ಒಂಬತ್ತು ಎಂದು ಬರೆದು, ಹೆಬ್ಬೆರಳಿಂದ ಹಣೆಯ ಬೆವರು ತೆಗೆದರು.

ಬಸಲಿಂಗಪ್ಪ ಸರಪಂಚರಾದರು. ಗುಲಾಲು ಹಾರಿತು. ನೇಮಿನಾಥ ಅಳತೆಯ ಟೇಪು ಹಿಡಿದು ಗೇಟಿಗೆ ಓಡಿದ. ಅಲ್ಲಿ ಪಾಯಪ್ಪ ಆಗಲೇ ಸುಣ್ಣದ ಗೆರೆ ಎಳೆಯುತ್ತಿದ್ದರು.

"ಮಾವಾ, ಇದು ನನ್ನ ಜಾಗಾರೀ."

"ಇತ್ತು. ಭಂಡಾರಾ ಎತ್ತೇವಲ್ಲೋ, ಕುಂದ್ರಾಕ ಜಾಗಾ ಕೊಡತೇವಿ ಅಂತ. ಪಂಚಾಯ್ತಿ ಕಡೆ ಮತ್ತೆಲ್ಲಿ ಜಾಗಾ ಐತಿ? ಎಲ್ಲಾ ಪ್ಲಾಟ ಹಾಕಿ ಮಾರ್ಯಾರ. ಉಳದದ್ದು ಇದೊಂದ."

ನೇಮಿನಾಥ ಬಸಲಿಂಗಪ್ಪನವರ ಕಾಲು ಹಿಡಿದ. "ಮಾಲಕ್ರ, ಮೊದಲ ಮಾತು ಕೊಟ್ಟದ್ದು ನನಗರಿ."

"ಹೌದಪಾ. ಆದ್ರ ಅವರು ಕೈ ಎತ್ಯಾರ. ನೀ ಎತ್ತೀಯೇನು? ನಿನಗ ಮತಾನ ಇಲ್ಲ." ಸರಪಂಚರು ಅವನ ಬೆನ್ನು ತಟ್ಟಿದರು. ಆ ಜಾಗವನ್ನು ಹತ್ತನೆಯವರಿಗೆ ಬಿಟ್ಟುಕೊಡುವ ಠರಾವು ಆಘಾಡಿಯ ಮೊದಲ ಠರಾವಾಗಿ ಪಾಸಾಯಿತು.

ವಿಷಯ ಊರಲ್ಲಿ ಹಬ್ಬಲು ತಡವಾಗಲಿಲ್ಲ. ಹೊತ್ತು ಇಳಿಯುವ ಮುಂಚೆ ಸೋತ ಜ್ಯೋತೆಪ್ಪನೇ ದೊಡ್ಡ ಹಾರ, ಪೇಢೆಯ ಡಬ್ಬಿ ಹಿಡಿದು ಗೇಟಿಗೆ ಬಂದ. ಸುಣ್ಣದ ಗೆರೆಯ ಒಳಗೆ ಗಾಳಿಗೆ ನಮಸ್ಕಾರ ಮಾಡಿದ. "ಇಲ್ಲಿ ಬರೇ ಕುಂದ್ರಾಕ ಜಾಗಾ ಕೊಟ್ಟಾರ್ರಿ. ನಮ್ಮ ಕಡೆ ಬರ್ರಿ, ಸ್ಲ್ಯಾಬ ಹಾಕಿಸಿ ಕೊಡತೇನಿ." ಅವನು ಕೈಬಿಟ್ಟ ಹಾರ ನೆಲ ಮುಟ್ಟಲು ಬಹಳ ಹೊತ್ತು ತೆಗೆದುಕೊಂಡಿತು.

ಇದನ್ನು ಕಿಟಕಿಯಿಂದ ನೋಡಿದ ಬಸಲಿಂಗಪ್ಪ ಹೊರಗೆ ಓಡಿ ಬಂದರು. ನೇಮಿನಾಥನ ಕೈಗೆ ಒಂದು ಸ್ಟೂಲು ಕೊಟ್ಟು ಗೆರೆಯ ಒಳಗೆ ಕೂಡಿಸಿದರು. "ನಿನಗ ಈ ಜಾಗಾ ಬೇಕಿತ್ತಲ್ಲ, ಇಲ್ಲೇ ಕುಂದರು. ಅವರನ್ನ ಯಾರೂ ಒಯ್ಯದಂಗ ನೋಡ್ಕೋ. ಅರ್ಧಾ ತಾಸಿಗೊಮ್ಮೆ ಎಣಸು."

"ಎಷ್ಟ ದಿನಾರಿ?"

"ಐದ ವರ್ಷ."

ಸಂಪದಾಳ ಅಪ್ಪ ಸೈಕಲ್ಲಿನ ಮೇಲೆ ಬಂದ. ನಿಂತು ನೋಡಿದ. ಸ್ಟೂಲಿನ ಮೇಲೆ ಕೂತು ಬರಿಯ ಗಾಳಿಯತ್ತ ಬೆರಳು ಮಾಡಿ ಎಣಿಸುತ್ತಿದ್ದ ನೇಮಿನಾಥನನ್ನು ಕಂಡು ಸೈಕಲ್ಲು ತಿರುಗಿಸಿದ.

ಗುಲಾಲು ಬಿದ್ದ ಮಣ್ಣಿನ ಮೇಲೆ ಸಂಜೆಯ ನೆರಳು ಹರಡಿತು. ಮೆರವಣಿಗೆಗೆ ಹೊರಟಿದ್ದ ಬಸಲಿಂಗಪ್ಪ ಜೀಪಿನಿಂದಲೇ ಕೇಳಿದರು.

"ಎಣಸೀಯೇನೋ?"

"ಎಣಸೇನ್ರಿ."

"ಎಷ್ಟು?"

"ಇಬ್ಬರ್ರಿ."

"ಹುಚ್ಚಾ, ನಿನ್ನ ಹಿಡದು ಎಣಸೀ."

"ಇಲ್ರಿ ಮಾಲಕ್ರ," ಎಂದ ನೇಮಿನಾಥ, ಸ್ಟೂಲಿನ ಅಂಚಿಗೆ ಸರಿಯುತ್ತ. "ನನ್ನ ಬಿಟ್ಟು."

ಜೀಪಿನ ಇಂಜಿನ್ನು ನಿಂತಿತು. ಬಸಲಿಂಗಪ್ಪ ಆ ಹತ್ತು ಅಡಿ ಜಾಗವನ್ನು ನೋಡಿದರು. ಆಮೇಲೆ ಮುಂದಕ್ಕೆ ಬಾಗಿ, ಪೇಟೆಯಲ್ಲಿ ಧಾರಣೆ ವಿಚಾರಿಸುವ ಮೆಲುದನಿಯಲ್ಲಿ ಹೇಳಿದರು.

"ಎರಡನೇದವರು ಯಾರ ಕಡೆಯಾವ್ರು, ಸ್ವಲ್ಪ ಕೇಳಿ ನೋಡು."